ಹೆರಿಗೆಯ ಸೂಜಿ: ಯಾವಾಗ ಜೀವ ಉಳಿಸುತ್ತೆ, ಯಾವಾಗ ಅಪಾಯ?

ನಮ್ಮ ಮುನಿರಾಬಾದ್ ಕಡೆ ಬ್ಯಾನಿ ನಿಧಾನವಾದರೆ ಮನೆಯವರ ಬಾಯಲ್ಲಿ ಬರುವ ಮಾತು, ‘ಒಂದು ಸೂಜಿ ಮಾಡಿಬಿಡ್ರೀ ಸಿಸ್ಟರ್.’ ಆ ಸೂಜಿಯ ಹೆಸರು ಆಕ್ಸಿಟೋಸಿನ್. ಮಗು ಹುಟ್ಟಿದ ಕೂಡಲೇ ಕೊಟ್ಟರೆ ತಾಯಿಯ ಜೀವ ಉಳಿಸುವ ಔಷಧಿ. ಅದಕ್ಕೂ ಮೊದಲು, ಅಳತೆ-ನಿಗಾ ಇಲ್ಲದೆ ಚುಚ್ಚಿದರೆ ಅದೇ ಅಪಾಯ. ಯಾಕೆ?

ಮಾಸು ಕಳಚಿದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತೆ. ದಿನ ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರ್‌ಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಅದನ್ನು ನಿಲ್ಲಿಸೋದು ಗರ್ಭಕೋಶದ ಸ್ನಾಯುವೇ. ಮುಷ್ಟಿಯಂತೆ ಬಿಗಿದು ನಾಳಗಳನ್ನು ಹಿಸುಕುತ್ತೆ. ಸಡಿಲವಾಗಿ ಉಳಿದರೆ ರಕ್ತ ನಿಲ್ಲಲ್ಲ. ಹೆರಿಗೆ ನಂತರದ ಅತಿಯಾದ ರಕ್ತಸ್ರಾವದಲ್ಲಿ ಸುಮಾರು 70% ಇದರಿಂದಲೇ.

ಅವಳಿ, ದೊಡ್ಡ ಮಗು, ಗರ್ಭದಲ್ಲಿ ನೀರು ಜಾಸ್ತಿ ಇದ್ದರೆ ಸ್ನಾಯು ಅತಿಯಾಗಿ ಹಿಗ್ಗಿರುತ್ತದೆ. ದಿನವಿಡೀ ಎಳೆದ ಬ್ಯಾನಿ ಅದನ್ನು ದಣಿಸಿರುತ್ತೆ. ಗಂಟೆಗಟ್ಟಲೆ ಆಕ್ಸಿಟೋಸಿನ್ ಕೊಟ್ಟಿದ್ದರೆ ಸ್ನಾಯು ಆ ಔಷಧಿಗೆ ಕಿವುಡಾಗುತ್ತೆ, ನಿಜಕ್ಕೂ ಬೇಕಾದಾಗ ಓಗೊಡಲ್ಲ. ಸೋಂಕು, ಹಿಂದಿನ ಹೆರಿಗೆಯಲ್ಲಿ ರಕ್ತ ಹೋಗಿದ್ದು ಕೂಡ ಪಟ್ಟಿಯಲ್ಲಿವೆ. ರಕ್ತಹೀನತೆ ಇದ್ದರಂತೂ ಸ್ವಲ್ಪ ರಕ್ತ ಹೋದರೂ ಬಾಣಂತಿ ತಡೆದುಕೊಳ್ಳಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ 45%ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ.

ಆದರೆ ಈ ಪಟ್ಟಿಯನ್ನೇ ನಂಬಿ ಕೂರುವ ಹಾಗಿಲ್ಲ. ಹೀಗೆ ರಕ್ತ ಹೋಗುವ ಹೆಂಗಸರಲ್ಲಿ ಬಹಳಷ್ಟು ಮಂದಿಗೆ ಇದ್ಯಾವುದೂ ಇರಲ್ಲ. ಹಾಗಾಗಿ ಪ್ರತಿ ಹೆರಿಗೆಗೂ ತಯಾರಿ ಬೇಕು. ಆದರೆ ಸಾವಾದ ಮೇಲೆ ಕೇಳಿಬರೋದು, ‘ಆಕೆಗೆ ರಕ್ತ ಕಮ್ಮಿ ಇತ್ತು, ತಡವಾಗಿ ಬಂದರು.’ ಆಶಾ ಜಾರ್ಜ್, ಅದಿತಿ ಅಯ್ಯರ್, ಗೀತಾ ಸೇನ್ 2005ರಲ್ಲಿ ಕೊಪ್ಪಳ ಜಿಲ್ಲೆಯ ಬಗ್ಗೆ ಬರೆದ ಅಧ್ಯಯನ ಬೊಟ್ಟು ಮಾಡಿದ್ದು ವ್ಯವಸ್ಥೆಯ ಕಡೆಗೆ: ಅಡ್ಡಾದಿಡ್ಡಿ ರೆಫರಲ್, ಬೆಂಬಲವಿಲ್ಲದ ಸಿಬ್ಬಂದಿ, ತಿರುಚಿದ ಹೊಣೆಗಾರಿಕೆ.

ದಾರಿ ಇಲ್ಲದೇ ಇಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆರಿಗೆಗಳ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಎನ್‌ಎಂಗಳು ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ರಕ್ತಸ್ರಾವ 12%ನಿಂದ 6.4%ಗೆ ಇಳಿಯಿತು. ರಕ್ತವನ್ನು ಕಣ್ಣಂದಾಜಿನಲ್ಲಿ ನೋಡಲಿಲ್ಲ, ಗುರುತು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಅಳೆದರು. ಕಣ್ಣಂದಾಜು ಸಾಮಾನ್ಯವಾಗಿ ಕಮ್ಮಿಯೇ ಹೇಳುತ್ತೆ.

ಈ ಮಾತ್ರೆಗೆ ಫ್ರಿಜ್ ಬೇಡ. ಆಕ್ಸಿಟೋಸಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏಪ್ರಿಲ್ ಬಿಸಿಲಿಗೆ ಕರೆಂಟ್ ಹೋದರೆ ಆ ಔಷಧಿ ಎಲ್ಲಿರುತ್ತೆ, ಅಳೆಯುವ ಚೀಲ ಇದೆಯಾ, ಬ್ಯಾನಿ ಹೆಚ್ಚಿಸಲು ಸೂಜಿ ಕೊಟ್ಟಿದ್ದು ಕೇಸ್‌ಶೀಟ್‌ನಲ್ಲಿ ದಾಖಲಾಗುತ್ತಾ ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳಿ.