ಚರ್ಮದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ: ಮೋಸ್ ವಿಧಾನದ ಚರಿತ್ರೆ

ಚರ್ಮದ ಕ್ಯಾನ್ಸರನ್ನು ಶಸ್ತ್ರದಿಂದ ತೆಗೆಯುವ ವೈದ್ಯರಿಗೆ ಎರಡು ಭಯಗಳುಂಟು. ಕಡಮೆ ಕತ್ತರಿಸಿದರೆ ರೋಗವು ಉಳಿದು ಮರಳಿ ಬೆಳೆಯುವುದೆಂಬುದು ಒಂದು. ಹೆಚ್ಚು ಕತ್ತರಿಸಿದರೆ ಆರೋಗ್ಯವಾದ ಅಂಗವೇ ನಷ್ಟವಾಗುವುದೆಂಬುದು ಇನ್ನೊಂದು. ಬೆನ್ನಿನ ಮೇಲೆ ಒಂದಂಗುಲ ಚರ್ಮ ಹೋದರೆ ಅಷ್ಟು ಬಾಧಕವಿಲ್ಲ. ಕಣ್ಣುರೆಪ್ಪೆಯ ಅಂಚಿನಲ್ಲಾದರೋ ಗೋಧಿಯ ಕಾಳಿನಷ್ಟು ಹೋದರೂ ಕೊರತೆಯೇ. ಈ ಇಕ್ಕಟ್ಟಿನಿಂದ ಪಾರಾಗಲು ಕಂಡುಕೊಂಡ ಉಪಾಯದ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮುಖದ ಮೇಲೆ ಹೆಚ್ಚಾಗಿ ಕಾಣುವ ಆಧಾರಕೋಶದ ಕ್ಯಾನ್ಸರು ದೂರದ ಅಂಗಗಳಿಗೆ ಹರಡುವುದು ತೀರ ಅಪರೂಪ. ಆದರೆ ಇದ್ದ ಸ್ಥಳದಲ್ಲಿಯೇ ಅದು ಬೇರಿನಂತೆ ಕಣ್ಣಿಗೆ ಕಾಣದ ಎಳೆಗಳನ್ನು ಚಾಚುತ್ತದೆ. ಕಣ್ಣುರೆಪ್ಪೆಯನ್ನು ತಿನ್ನುವ ಇಂತಹ ಹುಣ್ಣನ್ನು 1827ರಲ್ಲಿ ಡಬ್ಲಿನ್ನಿನ ಆರ್ಥರ್ ಜೇಕಬ್ ಎಂಬ ವೈದ್ಯರು ವರ್ಣಿಸಿದ್ದರು. ಸಾಮಾನ್ಯ ಪದ್ಧತಿಯಲ್ಲಿ ಗಂತಿಯನ್ನು ಸುತ್ತಲಿನ ಒಂದಿಷ್ಟು ಚರ್ಮದೊಡನೆ ಕತ್ತರಿಸಿ, ಬ್ರೆಡ್ಡನ್ನು ಹೋಳು ಮಾಡುವಂತೆ ಲಂಬವಾಗಿ ಸೀಳಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಎರಡು ಹೋಳುಗಳ ನಡುವಣ ಅಂಚು ಯಾರ ಕಣ್ಣಿಗೂ ಬೀಳುವುದಿಲ್ಲ.

1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಫ್ರೆಡರಿಕ್ ಮೋಸ್ ಅವರು ಇಲಿಗಳ ಗಂತಿಗಳಿಗೆ ರಾಸಾಯನಿಕಗಳನ್ನು ಚುಚ್ಚಿ ಪ್ರಯೋಗ ಮಾಡುತ್ತಿದ್ದರು. ಸತುವಿನ ಕ್ಲೋರೈಡು ಅಂಗಾಂಶವನ್ನು ಕೊಂದರೂ ಅದರ ಸೂಕ್ಷ್ಮರಚನೆಯನ್ನು ಕೆಡಿಸುವುದಿಲ್ಲವೆಂಬುದು ಅವರ ಗಮನಕ್ಕೆ ಬಂದಿತು. ಹಾಗಾದರೆ ರೋಗಿಯ ಮೈಮೇಲೆಯೇ ಗಂತಿಯನ್ನು ಸ್ಥಿರಗೊಳಿಸಿ, ಪದರ ಪದರವಾಗಿ ತೆಗೆದು, ಪ್ರತಿ ಪದರದ ತಳವನ್ನೂ ಅಂಚನ್ನೂ ಪೂರ್ಣವಾಗಿ ಪರೀಕ್ಷಿಸಬಾರದೇಕೆ? ಪದರದ ನಕ್ಷೆ ಬರೆದು, ಬಣ್ಣಗಳಿಂದ ದಿಕ್ಕುಗಳನ್ನು ಗುರುತಿಸಿ, ರೋಗವು ಉಳಿದ ಕಡೆ ಮಾತ್ರ ಮತ್ತೆ ಕತ್ತರಿಸುವುದು ಅವರ ವಿಧಾನವಾಯಿತು. 1936ರಲ್ಲಿ ರೋಗಿಗಳಿಗೆ ಈ ಚಿಕಿತ್ಸೆಯನ್ನು ಆರಂಭಿಸಿ, 1941ರಲ್ಲಿ 440 ಮಂದಿಯ ಫಲಿತಾಂಶವನ್ನು ಪ್ರಕಟಿಸಿದರು.

ಆದರೆ ಸತುವಿನ ಲೇಪವು ಬಹಳ ನೋವನ್ನುಂಟುಮಾಡುತ್ತಿತ್ತು. ಚಿಕಿತ್ಸೆಯು ದಿನಗಟ್ಟಲೆ ನಡೆಯುತ್ತಿತ್ತು. 1953ರಲ್ಲಿ ಕಣ್ಣುರೆಪ್ಪೆಯ ಚಿಕಿತ್ಸೆಯೊಂದನ್ನು ಚಲನಚಿತ್ರವಾಗಿ ತೆಗೆಯುತ್ತಿದ್ದಾಗ, ಕಾಲವನ್ನುಳಿಸಲು ಮೋಸ್ ಅವರು ಲೇಪವನ್ನು ಬಿಟ್ಟು, ಸ್ಥಳೀಯ ಅರಿವಳಿಕೆಯನ್ನು ಕೊಟ್ಟು ಹಸಿಯ ಅಂಗಾಂಶವನ್ನೇ ಕತ್ತರಿಸಿ ಪರೀಕ್ಷಿಸಿದರು. 1974ರಲ್ಲಿ ಟ್ರೊಮೊವಿಚ್ ಮತ್ತು ಸ್ಟೆಗ್‌ಮನ್ ಎಂಬ ವೈದ್ಯರು ಈ ಕ್ರಮದ ಫಲವನ್ನು ಪ್ರಕಟಿಸಿದ ಮೇಲೆ ಲೇಪವು ಬಹುಮಟ್ಟಿಗೆ ಹಿಂದೆ ಸರಿಯಿತು. ಇಂದು ಮೊದಲ ಬಾರಿ ತಲೆದೋರಿದ ಆಧಾರಕೋಶದ ಕ್ಯಾನ್ಸರು ಈ ವಿಧಾನದಿಂದ ಐದು ವರ್ಷಗಳವರೆಗೆ ಸುಮಾರು ಶೇಕಡ 99ರಷ್ಟು ಸಂದರ್ಭಗಳಲ್ಲಿ ಮರಳುವುದಿಲ್ಲ. ಇದಕ್ಕೆ ವಿಶೇಷ ಶಿಕ್ಷಣವೂ ಪ್ರಯೋಗಾಲಯವೂ ಬೇಕು. ಆದುದರಿಂದ ಮುಖದಂತಹ ನಾಜೂಕಿನ ಸ್ಥಳಗಳಿಗೂ ಮರುಕಳಿಸಿದ ರೋಗಕ್ಕೂ ಇದನ್ನು ವಿಶೇಷವಾಗಿ ಬಳಸುತ್ತಾರೆ.

ರೋಗ ಹೋದ ಮೇಲೆ ಉಳಿದ ಗಾಯವನ್ನು ಮುಚ್ಚುವ ವಿದ್ಯೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ ಕಾವಸ್ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಬಳಿ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿದ ಸಂಗತಿಯು 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. 1814ರಲ್ಲಿ ಜೋಸೆಫ್ ಕಾರ್ಪ್ಯೂ ಅವರು ಆ ಭಾರತೀಯ ಕ್ರಮವನ್ನು ಲಂಡನ್ನಿನಲ್ಲಿ ನಡೆಸಿದರು. ಕ್ಯಾನ್ಸರಿನಿಂದ ಮೂಗಿನ ದೊಡ್ಡ ಭಾಗ ಹೋದಾಗ ಹಣೆಯ ಚರ್ಮವನ್ನು ತಿರುಗಿಸಿ ಹೊದಿಸುವುದು ಇಂದಿಗೂ ರೂಢಿಯಲ್ಲಿದೆ.

ಚರಿತ್ರೆಯ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದುದಿಷ್ಟೆ: ವಿಧಾನವನ್ನು ಹುಟ್ಟಿಸಿದ ಲೇಪವು ಹೋಯಿತು, ಅಂಚನ್ನೆಲ್ಲ ನೋಡದೆ ರೋಗವು ಹೋಯಿತೆನ್ನಬಾರದೆಂಬ ನಿಯಮವು ನಿಂತಿತು.