ಮೂರಡಿ ಎತ್ತರದಿಂದ ಲಾಲ್‌ಬಾಗ್

ಹೈದರಾಲಿ 1760ರಲ್ಲಿ ತೊಡಗಿಸಿದ ತೋಟವಿದೆಂಬುದೂ, ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಬಿದ್ದಿತೆಂಬುದೂ ಬೆಂಗಳೂರಿಗರೆಲ್ಲರೂ ಬಲ್ಲ ಸಂಗತಿಗಳು. ಆದರೆ ಕಳೆದ ಭಾನುವಾರ ಪ್ರಾತಃಕಾಲದಲ್ಲಿ, ನಮ್ಮ ನೆರೆಯ ಕೆಲವು ಸಂಸಾರಗಳವರು ತಂತಮ್ಮ ಪುಟ್ಟ ಮಕ್ಕಳ ಕೈಗೆ ಹಳೆಯ ಕ್ಯಾಮೆರಾಗಳನ್ನೂ ಮೊಬೈಲುಗಳನ್ನೂ ಕೊಟ್ಟು, ಮಕ್ಕಳು ನಡೆದತ್ತ ನಡೆಯುವುದು, ನಿಂತಲ್ಲಿ ನಿಲ್ಲುವುದು ಎಂಬ ಒಂದೇ ಕಟ್ಟಳೆಯಿಂದ ಲಾಲ್‌ಬಾಗಿಗೆ ಹೊರಟಾಗ ಅವರೊಡಗೂಡಿದ ನನಗೆ, ಬಾಲ್ಯದಿಂದ ಚಿರಪರಿಚಿತವಾದ ಆ ಉದ್ಯಾನದ ಒಂದು ಮಗ್ಗುಲು ಮೊಟ್ಟಮೊದಲಾಗಿ ಗೋಚರಿಸಿತು. ಆ ಉಲ್ಲಾಸವಿನ್ನೂ ಇಳಿದಿಲ್ಲ.

ಕೆಂಪೇಗೌಡರ ಗೋಪುರವಿರುವ ಬಂಡೆಯನ್ನೇರುತ್ತ ಹಿರಿಯರೆಲ್ಲ ಗೋಪುರದತ್ತಲೇ ದೃಷ್ಟಿ ನೆಟ್ಟಿರಲು, ಐದು ವರ್ಷದ ಬಾಲಕಿಯೊಬ್ಬಳು ನಡುದಾರಿಯಲ್ಲಿ ಬೋರಲು ಮಲಗಿ, ಕ್ಯಾಮೆರಾವನ್ನು ಕಲ್ಲಿಗೆ ತಾಗುವಷ್ಟು ತಗ್ಗಿಸಿ, "ಅಪ್ಪಾ, ಕಲ್ಲಿಗೂ ಗೆರೆ ಇದೆ ನೋಡು!" ಎಂದು ಕೂಗಿದಳು. ತಂದೆ ಮಂಡಿಯೂರಿದರು, ನಾನೂ ಊರಿದೆ. ಎಳೆಬಿಸಿಲು ಓರೆಯಾಗಿ ಬಿದ್ದ ಆ ಶಿಲೆಯಲ್ಲಿ ಕಪ್ಪು ಬಿಳುಪು ಪಟ್ಟೆಗಳು ಒತ್ತೊತ್ತಾಗಿ ಹರಿದು, ಅಲ್ಲಲ್ಲಿ ಬಳುಕಿ ಸಾಗಿದ್ದುವು. ಭೂವಿಜ್ಞಾನಿಗಳು ಪೆನಿನ್ಸುಲರ್ ನೈಸ್ ಎಂದು ಕರೆಯುವ, ಸುಮಾರು 300 ಕೋಟಿ ವರ್ಷಗಳ ಪ್ರಾಚೀನ ಶಿಲೆಯಿದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಯೂ ಇದಕ್ಕುಂಟು. ಭೂಗರ್ಭದ ತಾಪಕ್ಕೂ ಒತ್ತಡಕ್ಕೂ ಸಿಲುಕಿ, ಬೆಣಚುಕಲ್ಲಿನಂಥ ತಿಳಿಬಣ್ಣದ ಖನಿಜಗಳು ಒಂದು ಪದರವಾಗಿಯೂ ಕಪ್ಪು ಕಾಗೆಬಂಗಾರದಂಥವು ಇನ್ನೊಂದಾಗಿಯೂ ಬೇರ್ಪಟ್ಟು ನಿಂತುದರ ಫಲವೇ ಆ ಗೆರೆಗಳು. ಇದಾವುದನ್ನೂ ಅರಿಯದ ಹುಡುಗಿ ಬಿಳಿಯ ಪಟ್ಟೆಯೊಂದರ ಮೇಲೆ ಬೆರಳಿಟ್ಟು ತೆವಳುತ್ತ ಹೋಗಿ, ಬಿರುಕಿನಲ್ಲಿ ಅದು ತುಂಡಾದಲ್ಲಿ ಒಂದು ಚಿತ್ರವನ್ನೂ, ಆಚೆಗೆ ಮತ್ತೆ ತೊಡಗಿದಲ್ಲಿ ಇನ್ನೊಂದನ್ನೂ ತೆಗೆದಳು. ಶಿಲೆಯನ್ನು ಪರೀಕ್ಷಿಸುವ ಪಂಡಿತನೂ ಮೊದಲು ಮಾಡುವುದು ಇದನ್ನೇ ಎಂಬುದು ನನ್ನ ದೃಢವಾದ ಎಣಿಕೆ. ಗೋಪುರ ತಲಪಲು ಬಹಳ ಹೊತ್ತು ಹಿಡಿಯಿತು, ಯಾರೂ ಅವಸರಪಡಿಸಲಿಲ್ಲ.

ಮಕ್ಕಳಿಗೆ ಕ್ಯಾಮೆರಾ ಕೊಡುವುದು ಹೊಸತಲ್ಲ. ಕೊಡಕ್ ಸಂಸ್ಥೆ 1900ರಲ್ಲಿ ಒಂದು ಡಾಲರಿಗೆ ಮಾರಿದ ಬ್ರೌನಿ ಪೆಟ್ಟಿಗೆ ಅವರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬಂದದ್ದು; ಫ್ರಾನ್ಸಿನ ಲಾರ್ಟೀಗ್ ಬಾಲ್ಯದಲ್ಲಿ ತೆಗೆದ ಮನೆಮಂದಿಯ ಚಿತ್ರಗಳು ಮುಂದೆ ಜಗತ್ಪ್ರಸಿದ್ಧವಾದುವು. ನನಗೆ ಸಂದೇಹವಿರುವುದು ಹಿರಿಯರ ಉಪದೇಶದ ವಿಷಯದಲ್ಲಿ. ಗಾಜಿನ ಮನೆಯೆದುರು ತಂದೆಯೊಬ್ಬರು "ನೆಟ್ಟಗೆ ಹಿಡಿ, ಪೂರ್ತಿ ಬರಲಿ" ಎಂದು ಮತ್ತೆ ಮತ್ತೆ ತಿದ್ದಿದಾಗ ಮಗನ ಮುಖ ಬಾಡಿತು. "ಬಿಡೀಂದ್ರೆ, ಅವನಿಗೆ ಬೇಕಾದ್ದು ತೆಗೀಲಿ" ಎಂದು ತಾಯಿ ತಡೆದರು. ಕ್ಯಾಮೆರಾವನ್ನು ಮೇಲೆತ್ತಿ ಹಿಡಿದುದರಿಂದ ಕಬ್ಬಿಣದ ಕಂಬಗಳು ಒಂದರತ್ತೊಂದು ವಾಲಿದಂತೆ ಮೂಡಿದ ಅವನ ಚಿತ್ರದಲ್ಲಿ ಆ ಕಟ್ಟಡದ ಔನ್ನತ್ಯ ಯಾವ ಅಂಚೆಕಾರ್ಡಿನ ಚಿತ್ರದಲ್ಲಿಯೂ ಕಾಣದಷ್ಟು ನಿಚ್ಚಳವಾಗಿತ್ತು. ಬಿಳಿ ಬೂರುಗದ ಬೇರುಗಳು ಇನ್ನೊಂದು ಮಗುವಿಗೆ ಕೋಟೆಗೋಡೆಗಳಾಗಿದ್ದುವು. ತಂದೆತಾಯಿಗಳು ಬಹುತೇಕ ಬರಿಯ ಮೊಣಕಾಲುಗಳಾಗಿದ್ದರು.

ಹೊರಬಾಗಿಲ ಬಳಿ ಮಕ್ಕಳು ಚಿತ್ರಗಳನ್ನು ಪರಸ್ಪರ ತೋರಿಸುತ್ತಿದ್ದಾಗ, ಬಸವನಗುಡಿಯ ಬ್ಯೂಗಲ್ ರಾಕಿನಲ್ಲಿಯೂ ಇಂಥ ಗೆರೆಗಳಿವೆಯೇ ಎಂದು ಆ ಬಾಲಕಿ ಕೇಳಿದಳು. ಅದೂ ಇದೇ ಜಾತಿಯ ಬಂಡೆಯೆಂದು ನಾನು ಹೇಳಿದ್ದೇ ತಡ, ಮುಂದಿನ ಭಾನುವಾರದ ನಡಿಗೆ ಅಲ್ಲಿಗೇ ಎಂದು ಮಕ್ಕಳೆಲ್ಲ ಕೂಡಿ ನಿಶ್ಚಯಿಸಿಬಿಟ್ಟರು.