ಡಿಎನ್‌ಎ ಹೆಣಿಗೆಗೆ ಕವಚ ಏಕೆ ಬೇಕು?

ಡಿಎನ್‌ಎಯಿಂದ ಮಾಡಿದ ಔಷಧ ಎಂದೊಡನೆ ಹಲವರು ಹೆದರುತ್ತಾರೆ: ಅದು ನಮ್ಮ ವಂಶವಾಹಿಗಳನ್ನೇ ತಿದ್ದಿಬಿಟ್ಟರೆ?

ಇಲ್ಲಿ ಡಿಎನ್‌ಎ ಔಷಧ ಹೊರುವ ಹೆಣಿಗೆಗೆ ಬರೀ ಕಟ್ಟಡ ಸಾಮಗ್ರಿ, ಬುಟ್ಟಿ ಹೆಣೆಯುವವರಿಗೆ ಬಿದಿರಿನ ಸೀಳು ಇದ್ದಂತೆ. 2006ರಲ್ಲಿ ಅಮೆರಿಕದ ವಿಜ್ಞಾನಿ ಪಾಲ್ ರಾಥೆಮಂಡ್ ವೈರಸ್ಸೊಂದರ ಏಳು ಸಾವಿರಕ್ಕೂ ಹೆಚ್ಚು ಅಕ್ಷರಗಳ ಎಳೆಯನ್ನು ಇನ್ನೂರಕ್ಕೂ ಹೆಚ್ಚು ತುಂಡು ಎಳೆಗಳಿಂದ ಮಡಚಿ ಹಿಡಿದು, ಸುಮಾರು 100 ನ್ಯಾನೋಮೀಟರ್ ಅಗಲದ ನಗುಮುಖ ಮಾಡಿದರು. ಡಿಎನ್‌ಎ ಒರಿಗಾಮಿ ಎನ್ನುವ ಇಂಥ ಹೆಣಿಗೆಯಲ್ಲಿ ಬೇಕೆಂದೇ ಜೀನ್ ತುಂಬಿ ಕಳಿಸಿದ ಪ್ರಯೋಗಗಳೂ ಇವೆ. ಅದು ಬೇರೆಯೇ ಕೆಲಸ.

ಇದಕ್ಕಿಂತ ಆಳವಾಗಿ ಬೇರೂರಿರುವ ತಪ್ಪು ಇನ್ನೊಂದಿದೆ. ಸಾವಿರಾರು ವರ್ಷ ಹಳೆಯ ಮೂಳೆಯಲ್ಲೂ ಡಿಎನ್‌ಎ ಸಿಗುತ್ತದಲ್ಲ, ಹಾಗಾದರೆ ಅದು ಗಟ್ಟಿ ವಸ್ತುವೇ ಇರಬೇಕು ಎಂಬ ಎಣಿಕೆ. ಒಣಗಿದ ಮೂಳೆಯ ಮಾತು ಹರಿಯುವ ರಕ್ತಕ್ಕೆ ಹೊಂದುವುದಿಲ್ಲ. ರಕ್ತದಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವಗಳಿವೆ. ಜೊತೆಗೆ, ಋಣ ವಿದ್ಯುದಂಶದ ಎಳೆಗಳು ಒಂದನ್ನೊಂದು ದೂಡುತ್ತವೆ. ಅವನ್ನು ಒತ್ತಾಗಿ ಹಿಡಿಯಲು ಬೇಕಾದಷ್ಟು ಮೆಗ್ನೀಸಿಯಂ ಮೈಯಲ್ಲಿಲ್ಲ. ಬರಿಮೈಯ ಹೆಣಿಗೆ ಬೇಗ ಬಿಚ್ಚಿಕೊಳ್ಳುತ್ತದೆ.

ನನ್ನ ಮಟ್ಟಿಗೆ ನಿಜವಾದ ಕುಶಲತೆ ಇರುವುದು ಆಮೇಲಿನ ಮಾರ್ಪಾಡಿನಲ್ಲಿ. 2014ರಲ್ಲಿ ಸಂಶೋಧಕರಾದ ಪೆರಾಲ್ಟ್ ಮತ್ತು ಶಿ ಅವರು ಹೆಣಿಗೆಗೆ ಕೊಬ್ಬಿನ ಪೊರೆ ಹೊದಿಸಿದರು. ಕೆಲವು ವೈರಸ್‌ಗಳು ಮೈಮುಚ್ಚಿಕೊಳ್ಳುವ ಕ್ರಮವಿದು. 2017ರಲ್ಲಿ ಬಂದದ್ದು, ಪಿಇಜಿ ಪಾಲಿಮರ್ ಬಾಲವುಳ್ಳ, ಲೈಸಿನ್ ಎಂಬ ಅಮೈನೋ ಆಮ್ಲದ ಸರ. ಧನ ವಿದ್ಯುದಂಶದ ಲೈಸಿನ್, ಡಿಎನ್‌ಎ ಎಳೆಗಳಿಗೆ ತಾನೇ ಅಂಟಿಕೊಳ್ಳುತ್ತದೆ, ಬಾಲ ಕಿಣ್ವವನ್ನು ದೂರ ಇಡುತ್ತದೆ. ಮರುವರ್ಷ ಜರ್ಮನಿಯಲ್ಲಿ ನೇರಳಾತೀತ ಬೆಳಕಿನಿಂದಲೇ ಎಳೆಗಳನ್ನು ಬೆಸೆದರು. ಕವಚ ದಪ್ಪವಾದರೂ ಕಷ್ಟವೇ: ರೋಗದ ಕೋಶವನ್ನು ಗುರುತಿಸುವ ಕೊಂಡಿಗಳು ಅದರಡಿ ಹೂತುಹೋಗಬಹುದು.

ಇದೆಲ್ಲ ಹೊರದೇಶದ ಲ್ಯಾಬುಗಳ ವಿದ್ಯೆ ಎಂದುಕೊಂಡವರಿಗೆ ಒಂದು ಮಾತು. ಆಮ್ಲೀಯತೆ ಹೆಚ್ಚಿದಾಗ ಮುಚ್ಚಿಕೊಳ್ಳುವ ಡಿಎನ್‌ಎ ಯಂತ್ರವೊಂದನ್ನು ಜೀವಂತ ಕೋಶದೊಳಕ್ಕೆ ಇಳಿಸಿ, ಅಲ್ಲಿನ ಪಿಎಚ್ ಅಳೆದು 2009ರಲ್ಲಿ ಪ್ರಕಟಿಸಿದ್ದು ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿದ್ದ ಯಮುನಾ ಕೃಷ್ಣನ್ ಅವರ ತಂಡ.

ಇನ್ನು ರಕ್ತದಲ್ಲಿ ಈಜಿ ಕ್ಯಾನ್ಸರ್ ಹುಡುಕುತ್ತದೆ ಎನ್ನುವ 'ನ್ಯಾನೋ ರೋಬೋಟ್'. ಅದಕ್ಕೆ ಮೋಟಾರಿಲ್ಲ, ರಕ್ತ ಒಯ್ದಲ್ಲಿಗೆ ಹೋಗುತ್ತದೆ, ತಕ್ಕ ಪ್ರೋಟೀನ್ ಎದುರಾದರೆ ತೆರೆದುಕೊಳ್ಳುತ್ತದೆ. 2018ರಲ್ಲಿ ಇಂಥ ಕೊಳವೆಯೊಂದು ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಹೊತ್ತೊಯ್ದು ಗೆಡ್ಡೆಯ ರಕ್ತನಾಳಗಳನ್ನು ಮುಚ್ಚಿಸಿತು. ಆದರೆ ಅದು ಇಲಿಗಳಲ್ಲಿ. ರೋಗಿಗಳಿಗೆ ಕೊಡಲು ಅನುಮತಿ ಪಡೆದ ಡಿಎನ್‌ಎ ಒರಿಗಾಮಿ ಔಷಧ ಇನ್ನೂ ಇಲ್ಲ. ಆ ಹೆಸರಲ್ಲಿ ಯಾರಾದರೂ ಚಿಕಿತ್ಸೆ ಮಾರಲು ಬಂದರೆ ದಯವಿಟ್ಟು ಹಣ ಕೊಡಬೇಡಿ. ಮೊದಲು ನಿಮ್ಮ ಕ್ಯಾನ್ಸರ್ ತಜ್ಞರನ್ನು ಕೇಳಿ.